ಉದ್ಯಮಿಯ ಜಗಳವೂ ಶೈಲಿಯ ಶಾಸ್ತ್ರವೂ

ಹೊಸದಾಗಿ ಉದ್ಯಮಕ್ಕೆ ಕೈಹಾಕಿದವರಿಗೆ ಬುದ್ಧಿ ಹೇಳುವ ಪುಸ್ತಕಗಳಲ್ಲಿಯೂ, ಆಡಳಿತಶಾಸ್ತ್ರದ ಕಾಲೇಜುಗಳ ಪಾಠಪಟ್ಟಿಯಲ್ಲಿಯೂ, ಹೋಟೆಲಿನ ಸಭಾಂಗಣದಲ್ಲಿ ಬೆಳಗ್ಗೆ ತೊಡಗಿ ಸಂಜೆಯ ಚಹದೊಂದಿಗೆ ಮುಗಿಯುವ ತರಬೇತಿ ಶಿಬಿರಗಳಲ್ಲಿಯೂ ಇಂದು ಒಂದು ಸಿದ್ಧಾಂತವು ನಿರ್ವಿವಾದವೆಂಬಂತೆ ಬೋಧಿತವಾಗುತ್ತಿದೆ. ಮನುಷ್ಯರು ವಿರೋಧವನ್ನು ಎದುರಿಸುವ ರೀತಿಗಳು ಐದು. ಆ ಐದರಲ್ಲಿ ಒಂದೊಂದು ಒಬ್ಬೊಬ್ಬನಲ್ಲಿ ಪ್ರಧಾನವಾಗಿರುತ್ತದೆ. ಉದ್ಯಮಿಯಾದವನು ತನ್ನ ರೀತಿ ಯಾವುದು, ಎದುರಿಗಿರುವವನ ರೀತಿ ಯಾವುದು ಎಂಬುದನ್ನು ಅರಿತು, ಸಮಯಕ್ಕೆ ತಕ್ಕುದನ್ನು ಆರಿಸಿಕೊಳ್ಳಬಲ್ಲವನಾದರೆ ಪಾಲುದಾರರ ಮನಸ್ತಾಪ, ನೌಕರರ ಅಸಮಾಧಾನ, ಗಿರಾಕಿಯ ತಗಾದೆ ಎಲ್ಲವೂ ತಕ್ಕಮಟ್ಟಿಗೆ ಶಮನವಾಗುತ್ತವೆ ಎಂಬುದು ಅದರ ಸಾರ. ಕೇಳುವುದಕ್ಕೆ ಹಿತವಾದ, ಯಾರ ಮನಸ್ಸನ್ನೂ ನೋಯಿಸದ ಈ ಬೋಧೆಯು ಉದ್ಯಮಿಯ ದೃಷ್ಟಿಯನ್ನು ಜಗಳದ ಮೂಲದಿಂದ ಬೇರೆಡೆಗೆ ತಿರುಗಿಸುತ್ತದೆಂದೂ, ನ್ಯಾಯಾನ್ಯಾಯದ ಪ್ರಶ್ನೆಯನ್ನು ಮನೋಧರ್ಮದ ಪ್ರಶ್ನೆಯನ್ನಾಗಿ ಮಾರ್ಪಡಿಸುತ್ತದೆಂದೂ, ಈ ಮಾರ್ಪಾಟಿನಿಂದ ಲಾಭವಾಗುವುದು ಬಲಿಷ್ಠನಿಗೇ ಎಂದೂ ತೋರಿಸುವುದು ಈ ಲೇಖನದ ಉದ್ದೇಶ.

ಖಂಡಿಸುವುದಕ್ಕೆ ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ನಿಲ್ಲಿಸುವುದು ವಾದಧರ್ಮ. ಅಮೆರಿಕದ ರಾಬರ್ಟ್ ಬ್ಲೇಕ್ ಮತ್ತು ಜೇನ್ ಮೌಟನ್ ಎಂಬ ವಿದ್ವಾಂಸರು 1964ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮೇಲಧಿಕಾರಿಗಳ ವರ್ತನೆಯನ್ನು ಎರಡು ರೇಖೆಗಳ ಮೇಲೆ ಅಳೆಯುವ ಚೌಕಳಿಯೊಂದನ್ನು ಮುಂದಿಟ್ಟರು. ಒಂದು ರೇಖೆ ಕೆಲಸದಲ್ಲಿನ ಆಸ್ಥೆ, ಇನ್ನೊಂದು ಜನರಲ್ಲಿನ ಆಸ್ಥೆ. ಹತ್ತು ವರ್ಷಗಳ ಬಳಿಕ, 1974ರಲ್ಲಿ, ಕೆನೆತ್ ಥಾಮಸ್ ಮತ್ತು ರಾಲ್ಫ್ ಕಿಲ್ಮನ್ ಅದೇ ಬಗೆಯ ಚೌಕಳಿಯನ್ನು ವಿರೋಧದ ಸನ್ನಿವೇಶಗಳಿಗೆ ಅಳವಡಿಸಿದರು. ತನ್ನ ಹಿತವನ್ನು ಸಾಧಿಸುವ ಹಠವೂ ಎದುರಾಳಿಯ ಹಿತಕ್ಕೆ ಒದಗುವ ಒಲವೂ ಎರಡೂ ಹೆಚ್ಚಾಗಿದ್ದರೆ ಸಹಯೋಗ. ಹಠ ಮಾತ್ರ ಹೆಚ್ಚಾದರೆ ಸ್ಪರ್ಧೆ. ಒಲವು ಮಾತ್ರ ಹೆಚ್ಚಾದರೆ ಮಣಿಯುವಿಕೆ. ಎರಡೂ ಕಡಮೆಯಾದರೆ ನುಣುಚಿಕೊಳ್ಳುವಿಕೆ. ಎರಡೂ ನಡುಮಟ್ಟದಲ್ಲಿದ್ದರೆ ರಾಜಿ. ಮೂವತ್ತು ಜೋಡಿ ಹೇಳಿಕೆಗಳನ್ನು ಕೊಟ್ಟು, ಪ್ರತಿ ಜೋಡಿಯಲ್ಲಿಯೂ ತನಗೆ ಹೆಚ್ಚು ಒಪ್ಪುವ ಒಂದಕ್ಕೆ ಗುರುತುಹಾಕಿಸಿ, ಗುರುತುಗಳನ್ನು ಕೂಡಿಸಿ, ಇಂಥವನ ಶೈಲಿ ಇಂಥದೆಂದು ಅವರ ಪರೀಕ್ಷೆ ನಿರ್ಣಯಿಸುತ್ತದೆ. ಯಾವ ಶೈಲಿಯೂ ಸರ್ವಕಾಲಕ್ಕೂ ಒಳ್ಳೆಯದಲ್ಲ, ಯಾವುದೂ ಸರ್ವಥಾ ಕೆಟ್ಟದ್ದಲ್ಲ ಎಂದು ಆ ಗ್ರಂಥಕರ್ತರೇ ಹೇಳಿರುವುದುಂಟು. ಸಿಡುಕಿನ ಮನುಷ್ಯನು ಒಂದು ಗಳಿಗೆ ನಿಂತು ತನ್ನನ್ನು ತಾನು ನೋಡಿಕೊಳ್ಳುವಂತೆ ಈ ಪರೀಕ್ಷೆ ಮಾಡುವುದಾದರೆ ಅಷ್ಟರಮಟ್ಟಿಗೆ ಅದರಿಂದ ಉಪಕಾರವೇ ಆಯಿತೆಂದು ಒಪ್ಪಿಕೊಳ್ಳೋಣ.

ಆದರೆ ಆ ಮೂವತ್ತು ಜೋಡಿಗಳಲ್ಲಿ ಕೇಳದೆ ಬಿಟ್ಟಿರುವುದೇನೆಂಬುದನ್ನು ಗಮನಿಸಬೇಕು. ನಿಮ್ಮ ಇಷ್ಟವೂ ಇನ್ನೊಬ್ಬನ ಇಷ್ಟವೂ ಬೇರೆಬೇರೆಯಾದಾಗ ನೀವೇನು ಮಾಡುತ್ತೀರಿ ಎಂದು ಅಲ್ಲಿ ಕೇಳಿದೆ. ಆ ಇನ್ನೊಬ್ಬನು ಯಾರು? ನಿಮಗೆ ಸಾಲ ಕೊಟ್ಟವನೋ, ನಿಮ್ಮಿಂದ ಸಂಬಳ ಪಡೆಯುವವನೋ, ನಿಮ್ಮ ಸರಕನ್ನು ಕೊಳ್ಳುವವನೋ? ವಿವಾದವು ಗೋಡೆಗೆ ಹೊಡೆಯುವ ಬಣ್ಣದ ವಿಷಯವೋ, ಮೂರು ತಿಂಗಳ ಕೂಲಿಯ ವಿಷಯವೋ? ತಡವಾದರೆ ನಷ್ಟ ಯಾರಿಗೆ? ಇಬ್ಬರಲ್ಲಿ ಯಾರ ಮಾತು ನ್ಯಾಯವಾದದ್ದು? ಇವುಗಳಲ್ಲಿ ಒಂದಕ್ಕೂ ಆ ಚೌಕಳಿಯಲ್ಲಿ ಸ್ಥಳವಿಲ್ಲ. ಮುಂದೆ 1983ರಲ್ಲಿ ಅಫ್ಜಲೂರ್ ರಹೀಂ ಎಂಬ ವಿದ್ವಾಂಸರು ಮೇಲಿನವರೊಡನೆ, ಕೆಳಗಿನವರೊಡನೆ, ಸಮಾನರೊಡನೆ ಎಂದು ಮೂರು ಪ್ರಶ್ನಾವಳಿಗಳನ್ನು ಬೇರ್ಪಡಿಸಿ ಈ ಕೊರತೆಯನ್ನು ಸ್ವಲ್ಪ ತುಂಬಿದರು. ಆದರೂ ಅಲ್ಲಿಯೂ ಅಳೆಯುವುದು ಒಬ್ಬನ ನಡೆವಳಿಕೆಯನ್ನೇ ಹೊರತು ಅವನ ಹಕ್ಕನ್ನಲ್ಲ.

ಹಕ್ಕನ್ನೂ ಬಲವನ್ನೂ ಬಿಟ್ಟು ನಡೆವಳಿಕೆಯನ್ನು ಮಾತ್ರ ಅಳೆದರೆ ಏನಾಗುತ್ತದೆಂಬುದಕ್ಕೆ ಬೆಂಗಳೂರಿನ ಪೀಣ್ಯದ ಒಳರಸ್ತೆಯ ಯಾವುದಾದರೊಂದು ಷೆಡ್ಡಿನೊಳಗೆ ಹೋಗಿ ನೋಡಬಹುದು. ನಾಲ್ಕು ಲೇತ್‌ಗಳನ್ನು ಇಟ್ಟುಕೊಂಡು ದೊಡ್ಡ ಕಾರ್ಖಾನೆಯೊಂದಕ್ಕೆ ಜಾಬ್‌ವರ್ಕ್ ಮಾಡಿಕೊಡುವ ಮಾಲೀಕ. ಮಾಲು ಹೋಗಿ ನಾಲ್ಕು ತಿಂಗಳಾಗಿದೆ. ಚಲನ್ನಿನ ಮೇಲೆ ಗೇಟಿನವರ ಸೀಲು ಬಿದ್ದಿದೆ. ಬಿಲ್ಲು ಮಾತ್ರ ಪಾಸಾಗಿಲ್ಲ. ಖರೀದಿ ವಿಭಾಗದವರು ಅಕೌಂಟ್ಸ್‌ನವರನ್ನು ಕೇಳಿರೆನ್ನುತ್ತಾರೆ. ಅಕೌಂಟ್ಸ್‌ನವರು ಕ್ವಾಲಿಟಿಯವರ ಸಹಿ ಬಂದಿಲ್ಲವೆನ್ನುತ್ತಾರೆ. ಕೊನೆಗೊಂದು ದಿನ, ಹಣ ಬರಬೇಕಾದೆಡೆಯಲ್ಲಿ, ಕೆಲವು ಬಿಡಿಭಾಗಗಳ ಅಳತೆ ಸರಿಯಿಲ್ಲವೆಂದು ಡೆಬಿಟ್ ನೋಟು ಬರುತ್ತದೆ. ಆತನು ಅದನ್ನು ಮಡಿಸಿ ಫೈಲಿನಲ್ಲಿಟ್ಟು, ಫೋನಿನಲ್ಲಿ "ಆಯ್ತು ಸಾರ್, ಮುಂದಿನ ಲಾಟಿನಲ್ಲಿ ಸರಿಮಾಡಿಕೊಡ್ತೀನಿ" ಎನ್ನುತ್ತಾನೆ. ಚೌಕಳಿಯ ಪ್ರಕಾರ ಇವನು ಮಣಿಯುವ ಶೈಲಿಯವನು. ಆದರೆ ಅದೇ ಮಧ್ಯಾಹ್ನ ಲೋಹದ ಚೂರನ್ನು ತೂಗಿಸಿಕೊಳ್ಳಲು ಬಂದ ಗುಜರಿಯವನ ಹತ್ತಿರ ಕಿಲೋಗೆ ಒಂದು ರೂಪಾಯಿಗಾಗಿ ಅರ್ಧ ಗಂಟೆ ಹೋರಾಡುವವನೂ ಇವನೇ. ಒಂದೇ ಮನುಷ್ಯನು ಬೆಳಗ್ಗೆ ದೀನನಾಗಿಯೂ ಮಧ್ಯಾಹ್ನ ಶೂರನಾಗಿಯೂ ಕಾಣಿಸುವುದಕ್ಕೆ ಕಾರಣ ಅವನ ಎದೆಯೊಳಗಿಲ್ಲ. ಅವನ ಆರ್ಡರುಗಳ ಬಹುಪಾಲು ಒಂದೇ ಗಿರಾಕಿಯಿಂದ ಬರುತ್ತಿರುವುದರಲ್ಲಿದೆ.

ಇವನನ್ನು ಶಿಬಿರಕ್ಕೆ ಕರೆದು, ನಿನಗೆ ದಿಟ್ಟತನ ಸಾಲದು, ಸಹಯೋಗದ ಶೈಲಿಯನ್ನು ಅಭ್ಯಾಸಮಾಡು ಎಂದು ಹೇಳುವುದು ಅವನ ಬಡತನಕ್ಕೆ ಅವನ ಸ್ವಭಾವವನ್ನೇ ಹೊಣೆಮಾಡಿದಂತೆ. ದೇಶದ ಶಾಸನಕರ್ತರು ಇದಕ್ಕಿಂತ ಹೆಚ್ಚು ವಿವೇಕಿಗಳಾಗಿದ್ದರು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯು, ಸಣ್ಣ ಉದ್ಯಮಿಯ ಸರಕನ್ನು ಕೊಂಡವನು ಒಪ್ಪಂದವೇನೇ ಇರಲಿ 45 ದಿನಗಳ ಒಳಗೆ ಹಣ ಕೊಡತಕ್ಕದ್ದೆಂದೂ, ತಪ್ಪಿದರೆ ರಿಸರ್ವ್ ಬ್ಯಾಂಕು ಗೊತ್ತುಪಡಿಸಿದ ಬ್ಯಾಂಕ್ ದರದ ಮೂರರಷ್ಟು ಬಡ್ಡಿಯನ್ನು, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿಯಾಗಿ, ತೆರತಕ್ಕದ್ದೆಂದೂ ವಿಧಿಸಿ, ದೂರು ಕೇಳುವುದಕ್ಕೆ ಒಂದು ಮಂಡಳಿಯನ್ನೂ ಏರ್ಪಡಿಸಿತು. ಅಷ್ಟಾದರೂ ಮುಂದಿನ ಆರ್ಡರು ಕೈತಪ್ಪೀತೆಂಬ ಭಯದಿಂದ ಸಣ್ಣವರು ದೂರು ಕೊಡಲಿಲ್ಲವೆಂದು ಕಂಡಾಗ, ಆದಾಯ ತೆರಿಗೆ ಕಾಯಿದೆಗೆ ತಿದ್ದುಪಡಿ ತಂದು, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಅವಧಿಯೊಳಗೆ ಹಣ ಪಾವತಿಮಾಡದ ಕೊಳ್ಳುಗನು, ಅದನ್ನು ಕೊಟ್ಟು ಮುಗಿಸುವ ತನಕ, ಆ ಮೊತ್ತವನ್ನು ತನ್ನ ಖರ್ಚೆಂದು ತೋರಿಸಕೂಡದೆಂಬ ನಿಯಮವನ್ನು ಮಾಡಲಾಯಿತು. ಅದು 2024ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಈ ನಿಯಮದ ಗುಣದೋಷಗಳ ಚರ್ಚೆ ಬೇರೆ. ಅದರ ಹಿಂದಿನ ತಿಳಿವಳಿಕೆ ಮಾತ್ರ ಸರಿಯಾದದ್ದು: ದೂರು ಕೊಡಲು ದುರ್ಬಲನಿಗೆ ಧೈರ್ಯ ಬರಲೆಂದು ಕಾಯುವ ಬದಲು, ಹಣ ತಡೆಹಿಡಿಯುವುದರಿಂದ ಬಲಿಷ್ಠನಿಗಿದ್ದ ಲಾಭವನ್ನೇ ಕಡಮೆಮಾಡಬೇಕು.

ಗಿರಾಕಿಯ ವಿಷಯ ಹೀಗಾಯಿತು. ಇನ್ನು ಪಾಲುದಾರರ ಜಗಳ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಇಬ್ಬರು ಸ್ನೇಹಿತರು ಕೂಡಿ ಒಂದು ಸಣ್ಣ ಕಾರ್ಖಾನೆಯನ್ನು ತೆರೆದರೆಂದು ಇಟ್ಟುಕೊಳ್ಳೋಣ. ಒಬ್ಬನು ಬಂಡವಾಳ ಹಾಕಿದ; ಇನ್ನೊಬ್ಬನು ಕೆಲಸ ಬಲ್ಲವ, ಬೆಳಗಿನಿಂದ ರಾತ್ರಿಯ ತನಕ ಯಂತ್ರದ ಹತ್ತಿರವೇ ಇರುವವ. ಬರವಣಿಗೆಯೇನೂ ಇಲ್ಲ, ಸ್ನೇಹವಿದೆಯಲ್ಲ ಎಂಬ ಭರವಸೆ. ಎರಡು ವರ್ಷ ನಷ್ಟವಿದ್ದಾಗ ಸ್ನೇಹವೂ ಇತ್ತು. ಮೂರನೆಯ ವರ್ಷ ಲಾಭ ಬಂದೊಡನೆ ಮಾತು ತೊಡಗಿತು. "ನಾ ಇಡೀ ದಿನಾ ಇಲ್ಲೇ ನಿಂತು ದುಡೀತೀನಿ, ನೀ ತಿಂಗಳಿಗೊಮ್ಮೆ ಬಂದು ಅರ್ಧಾ ತಗೊಂಡು ಹೋಗ್ತಿ" ಎಂದು ಒಬ್ಬ. "ರೊಕ್ಕ ಹಾಕಿದಾಂವ ನಾನಪಾ" ಎಂದು ಇನ್ನೊಬ್ಬ. ಶೈಲಿಶಾಸ್ತ್ರಜ್ಞನು ಬಂದು ಮೊದಲನೆಯವನನ್ನು ಸ್ಪರ್ಧಿಯೆಂದೂ, ಮಾತು ಬೆಳೆಸದೆ ಎದ್ದುಹೋಗುವ ಎರಡನೆಯವನನ್ನು ನುಣುಚಿಕೊಳ್ಳುವವನೆಂದೂ ಗುರುತಿಸಿ, ಇಬ್ಬರೂ ಒಬ್ಬರನ್ನೊಬ್ಬರು ತಾಳ್ಮೆಯಿಂದ ಆಲಿಸಬೇಕೆಂದು ಹೇಳಿ ಹೋಗುತ್ತಾನೆ. ಇಬ್ಬರೂ ಆಲಿಸುತ್ತಾರೆ. ಆಲಿಸಿದ ಮೇಲೆಯೂ ದುಡಿಮೆಗೆ ಎಷ್ಟು, ಬಂಡವಾಳಕ್ಕೆ ಎಷ್ಟು ಎಂಬ ಪ್ರಶ್ನೆ ಇದ್ದಲ್ಲಿಯೇ ಇರುತ್ತದೆ.

ಈ ಪ್ರಶ್ನೆಗೆ ಉತ್ತರ 1932ರ ಭಾರತೀಯ ಪಾಲುದಾರಿಕೆ ಕಾಯಿದೆಯ 13ನೆಯ ಕಲಮಿನಲ್ಲಿ ಇದೆ. ಆದರೆ ದುಡಿಯುವ ಪಾಲುದಾರನಿಗೆ ಅದು ಪ್ರಿಯವಾದ ಉತ್ತರವಲ್ಲ. ಬೇರೆ ಕರಾರು ಇಲ್ಲದಿದ್ದಲ್ಲಿ, ವ್ಯವಹಾರ ನಡೆಸಿದ್ದಕ್ಕಾಗಿ ಯಾವ ಪಾಲುದಾರನಿಗೂ ಸಂಬಳದ ಹಕ್ಕಿಲ್ಲ. ಲಾಭನಷ್ಟಗಳು ಎಲ್ಲರಿಗೂ ಸಮಪಾಲು. ಬೇರೆ ಕರಾರು ಇದ್ದರೆ ಅದರಂತೆ. ಎಂದರೆ, ಆ ಇಬ್ಬರು ಸ್ನೇಹಿತರು ಮೊದಲ ದಿನವೇ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದಿದ್ದರೆ ಈ ಕಲಹಕ್ಕೆ ಹುಟ್ಟೇ ಇರುತ್ತಿರಲಿಲ್ಲ. ಇಷ್ಟೇ ಅಲ್ಲದೆ ದೈನಂದಿನ ಭಿನ್ನಾಭಿಪ್ರಾಯಗಳು ಬಹುಮತದಿಂದ ತೀರ್ಮಾನವಾಗತಕ್ಕವು, ವ್ಯವಹಾರದ ಸ್ವರೂಪವನ್ನೇ ಬದಲಿಸುವುದಕ್ಕೆ ಸರ್ವಾನುಮತ ಬೇಕು, ಲೆಕ್ಕಪುಸ್ತಕಗಳನ್ನು ನೋಡುವ ಹಕ್ಕು ಪ್ರತಿಯೊಬ್ಬ ಪಾಲುದಾರನಿಗೂ ಉಂಟು ಎಂದು ಅದೇ ಕಾಯಿದೆ ಹೇಳುತ್ತದೆ. ನೋಂದಣಿಯಾಗದ ಪಾಲುದಾರಿಕೆಯು ತನ್ನ ಕರಾರಿನಿಂದ ಬರಬೇಕಾದುದಕ್ಕಾಗಿ ಹೊರಗಿನವರ ಮೇಲೆ ದಾವೆ ಹೂಡಲಾರದೆಂದು 69ನೆಯ ಕಲಮು ಎಚ್ಚರಿಸುತ್ತದೆ. ಇದನ್ನು ಒಮ್ಮೆಯೂ ಓದದೆ ತನ್ನ ಶೈಲಿ ಯಾವುದೆಂದು ತಿಳಿಯಲು ಶುಲ್ಕ ಕೊಡುವ ಉದ್ಯಮಿಯು, ಅಡಿಪಾಯ ಹಾಕಿಸದೆ ಗೋಡೆಯ ಬಿರುಕಿಗೆ ಸುಣ್ಣ ಬಳಿಸುವವನಂತೆ.

ಮನುಷ್ಯಸಂಬಂಧವನ್ನು ಕಾಗದಕ್ಕೆ ಇಳಿಸುವುದು ಪರದೇಶದ ಒಣ ಪದ್ಧತಿ, ನಮ್ಮದು ನಂಬಿಕೆಯ ಸಂಸ್ಕೃತಿ ಎಂದು ಇಲ್ಲಿ ಆಕ್ಷೇಪಿಸುವವರುಂಟು. ಅವರು ಕನ್ನಡನಾಡಿನಲ್ಲಿಯೇ, ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ಒಂಬೈನೂರು ವರ್ಷಗಳ ಹಿಂದೆ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವನ್ನು ನೋಡಬೇಕು. ಆ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಸಂಭೂಯಸಮುತ್ಥಾನವೆಂಬ ಪ್ರಕರಣವೊಂದಿದೆ. ಹಲವರು ವರ್ತಕರು ಕೂಡಿ ಲಾಭಕ್ಕಾಗಿ ಮಾಡುವ ಉದ್ಯೋಗವೇ ಅದರ ವಿಷಯ. ಲಾಭನಷ್ಟಗಳು ಅವರವರು ಹಾಕಿದ ದ್ರವ್ಯಕ್ಕೆ ಅನುಗುಣವಾಗಿ, ಅಥವಾ ತಾವು ಮಾಡಿಕೊಂಡ ಒಪ್ಪಂದದಂತೆ. ಉಳಿದವರು ಬೇಡವೆಂದುದನ್ನು ಮಾಡಿ, ಇಲ್ಲವೆ ಅಜಾಗರೂಕತೆಯಿಂದ, ಹಾನಿ ತಂದವನು ಅದನ್ನು ತುಂಬಿಕೊಡತಕ್ಕದ್ದು. ಆಪತ್ತಿನಲ್ಲಿ ಸರಕನ್ನು ಕಾಪಾಡಿದವನಿಗೆ ಹತ್ತನೆಯ ಒಂದು ಪಾಲು ಸಲ್ಲತಕ್ಕದ್ದು. ಕಪಟಿಯನ್ನು ಲಾಭವಿಲ್ಲದೆ ಹೊರಹಾಕತಕ್ಕದ್ದು. ತಾನೇ ಕೆಲಸಮಾಡಲಾರದವನು ತನ್ನ ಪರವಾಗಿ ಬೇರೊಬ್ಬನಿಂದ ಮಾಡಿಸತಕ್ಕದ್ದು. ಪಾಲುದಾರನೊಬ್ಬನು ಕೋಪಿಷ್ಠನೋ ಶಾಂತನೋ ಎಂದು ಸ್ಮೃತಿಕಾರನು ಕೇಳಲಿಲ್ಲ. ಯಾರು ಎಷ್ಟು ಹಾಕಿದರು, ಏನು ಒಪ್ಪಿದರು, ಏನು ಮಾಡಿದರು ಎಂದು ಕೇಳಿದ.

ಅದೇ ಗ್ರಂಥದಲ್ಲಿ ಸಾಮ, ದಾನ, ಭೇದ, ದಂಡಗಳೆಂಬ ನಾಲ್ಕು ಉಪಾಯಗಳ ಪ್ರಸ್ತಾಪವೂ ಉಂಟು. ಇಂದಿನ ಐದು ಶೈಲಿಗಳಿಗೆ ಇವು ದೂರದ ಬಂಧುಗಳೆಂದು ಹೇಳಬಹುದು. ಎದುರಿಗಿರುವವನನ್ನು ನೋಡಿ ತಕ್ಕ ಉಪಾಯವನ್ನು ಆರಿಸಿಕೊಳ್ಳುವುದೆಂಬ ತತ್ತ್ವ ಎರಡಕ್ಕೂ ಸಮಾನ. ಆದರೆ ಸ್ಮೃತಿಕಾರನು ಈ ಉಪಾಯಗಳನ್ನು ಇಟ್ಟದ್ದು ಆಚಾರಾಧ್ಯಾಯದ ರಾಜಧರ್ಮಪ್ರಕರಣದಲ್ಲಿ; ಕೂಡಿ ವ್ಯಾಪಾರಮಾಡುವವರ ನಿಯಮಗಳನ್ನು ಇಟ್ಟದ್ದು ವ್ಯವಹಾರಾಧ್ಯಾಯದಲ್ಲಿ. ಈ ವಿಂಗಡಣೆಯಲ್ಲಿ ಆಳವಾದ ವಿವೇಕವಿದೆ. ಇನ್ನೊಬ್ಬನನ್ನು ತನ್ನ ವಶಕ್ಕೆ ತಂದುಕೊಳ್ಳಬೇಕಾದವನಿಗೆ ಉಪಾಯ ಬೇಕು. ಇನ್ನೊಬ್ಬನೊಡನೆ ಬಾಳಬೇಕಾದವನಿಗೆ ನಿಯಮ ಬೇಕು. ಪಾಲುದಾರನನ್ನೂ ನೌಕರನನ್ನೂ ಉಪಾಯದಿಂದ ನಿಭಾಯಿಸತಕ್ಕ ಮನೋಧರ್ಮಗಳೆಂದು ನೋಡಲು ಕಲಿಸುವ ಶಾಸ್ತ್ರವು, ಎಷ್ಟೇ ಮೃದುವಾದ ಮಾತುಗಳಲ್ಲಿ ಹೇಳಿದರೂ, ಉದ್ಯಮಿಯನ್ನು ರಾಜನ ಪೀಠದಲ್ಲಿ ಕೂರಿಸುತ್ತದೆ.

ಶೈಲಿವಾದಿಗಳು ತಮ್ಮ ಮೂಲಪುರುಷರ ಸಾಲಿನಲ್ಲಿ ಮೇರಿ ಪಾರ್ಕರ್ ಫಾಲೆಟ್ ಎಂಬ ಮಹನೀಯಳ ಹೆಸರನ್ನು ಎತ್ತುವುದುಂಟು. ಆಕೆ 1925ರ ಒಂದು ಉಪನ್ಯಾಸದಲ್ಲಿ ವಿರೋಧವು ತೀರುವ ಬಗೆಗಳು ಮೂರೆಂದು ಹೇಳಿದಳು: ಒಬ್ಬರು ಗೆಲ್ಲುವುದು, ಇಬ್ಬರೂ ಅಷ್ಟಷ್ಟು ಬಿಟ್ಟುಕೊಡುವುದು, ಇಬ್ಬರ ಇಚ್ಛೆಯೂ ನೆರವೇರುವಂತಹ ಮೂರನೆಯ ಏರ್ಪಾಟನ್ನು ಕಂಡುಹಿಡಿಯುವುದು. ಆಕೆ ಕೊಟ್ಟ ಉದಾಹರಣೆಯನ್ನು ಮಾತ್ರ ಶಿಷ್ಯರು ಸರಿಯಾಗಿ ಓದಲಿಲ್ಲವೆಂದು ತೋರುತ್ತದೆ. ಹಾಲು ಉತ್ಪಾದಕರ ಸಹಕಾರ ಸಂಘವೊಂದು ಒಡೆಯುವ ಸ್ಥಿತಿಗೆ ಬಂದಿತ್ತು. ಕಾರಣ, ಇಳಿಜಾರಿನಲ್ಲಿದ್ದ ಡೇರಿಯ ಕಟ್ಟೆಯ ಬಳಿ ಕ್ಯಾನುಗಳನ್ನು ಮೊದಲು ಇಳಿಸುವವರು ಗುಡ್ಡದ ಮೇಲಿನಿಂದ ಬಂದವರೋ ಕೆಳಗಿನಿಂದ ಬಂದವರೋ ಎಂಬ ವಿವಾದ. ಇಬ್ಬರೂ ಏಕಕಾಲದಲ್ಲಿ ಇಳಿಸಬಹುದಾದಂತೆ ಕಟ್ಟೆಯ ಸ್ಥಾನವನ್ನು ಬದಲಾಯಿಸಿದರೆ ಸಾಕೆಂದು ಹೊರಗಿನ ತಜ್ಞನೊಬ್ಬನು ಸೂಚಿಸಿದ, ಜಗಳ ಮುಗಿಯಿತು. ಅಲ್ಲಿ ಯಾರ ಶೈಲಿಯೂ ಬದಲಾಗಲಿಲ್ಲ. ಮೇಲಿನವರು ಮೊದಲಿನಂತೆಯೇ ಹಠಮಾರಿಗಳಾಗಿದ್ದಿರಬಹುದು, ಕೆಳಗಿನವರೂ ಅಷ್ಟೆ. ಬದಲಾದದ್ದು ಕಟ್ಟೆ. ಸನ್ನಿವೇಶವೇ ಆಜ್ಞೆಮಾಡಲಿ, ವ್ಯಕ್ತಿ ವ್ಯಕ್ತಿಗೆ ಆಜ್ಞೆಮಾಡುವುದು ಬೇಡ ಎಂಬುದು ಫಾಲೆಟ್ಟಳ ಒಟ್ಟು ಬೋಧೆಯ ತಿರುಳು. ಆಕೆಯ ಹೆಸರಿನಲ್ಲಿ ಮನೋಧರ್ಮದ ಪಟ್ಟಿ ತಯಾರಿಸುವುದು ಗುರುದ್ರೋಹ.

ನೌಕರರೊಡನೆ ಏಳುವ ವಿರೋಧದಲ್ಲಿ ಈ ತಪ್ಪು ಇನ್ನೂ ಘೋರವಾದ ಫಲವನ್ನು ಕೊಡುತ್ತದೆ. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ, ಐಫೋನುಗಳನ್ನು ಜೋಡಿಸುತ್ತಿದ್ದ ವಿಸ್ಟ್ರಾನ್ ಕಂಪನಿಯ ಕಾರ್ಖಾನೆಯಲ್ಲಿ ಕಾರ್ಮಿಕರು ರೊಚ್ಚಿಗೆದ್ದು ಗಾಜು, ಯಂತ್ರ, ವಾಹನಗಳನ್ನು ಧ್ವಂಸಮಾಡಿದರು. ಆ ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಅದರ ಬೇರನ್ನು ಹುಡುಕಿದಾಗ ಸಿಕ್ಕಿದ್ದು ಅಲ್ಲಿಯ ಅಧಿಕಾರಿಗಳ ಅಥವಾ ಕಾರ್ಮಿಕರ ಸ್ವಭಾವವಲ್ಲ. ಅಲ್ಪಕಾಲದಲ್ಲಿ ಸಾವಿರಾರು ಜನರನ್ನು, ಬಹುಮಟ್ಟಿಗೆ ಗುತ್ತಿಗೆದಾರರ ಮೂಲಕ, ಸೇರಿಸಿಕೊಂಡದ್ದು, ಹಾಜರಿಯೂ ಓವರ್‌ಟೈಮೂ ಸರಿಯಾಗಿ ದಾಖಲಾಗದೆ ಕೈಗೆ ಬರಬೇಕಾದ ಸಂಬಳ ಬಾರದೆಹೋದದ್ದು, ಕೇಳಿದರೆ ಕಂಪನಿ ಗುತ್ತಿಗೆದಾರನನ್ನೂ ಗುತ್ತಿಗೆದಾರ ಕಂಪನಿಯನ್ನೂ ತೋರಿಸುವಂತಹ ಏರ್ಪಾಟು—ಇವೇ ಸಿಕ್ಕಿದವು. ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಕಾಲದಲ್ಲಿ ಹಣ ಸಂದಿಲ್ಲವೆಂದು ಕಂಪನಿಯೇ ಒಪ್ಪಿಕೊಂಡು, ಭಾರತದ ವ್ಯವಹಾರದ ಹೊಣೆ ಹೊತ್ತಿದ್ದ ಉಪಾಧ್ಯಕ್ಷರನ್ನು ಆ ಸ್ಥಾನದಿಂದ ತೆಗೆದುಹಾಕಿತು. ಆಪಲ್ ಸಂಸ್ಥೆಯು ಲೋಪಗಳನ್ನು ತಿದ್ದುವ ತನಕ ಹೊಸ ಕೆಲಸ ಕೊಡುವುದಿಲ್ಲವೆಂದಿತು. ಸಂಬಳದ ಚೀಟಿಯಲ್ಲಿ ತಪ್ಪಿರುವಾಗ ಮೇಲ್ವಿಚಾರಕನು ಸಹಯೋಗದ ಶೈಲಿಯಲ್ಲಿ ಮುಗುಳ್ನಕ್ಕು ಮಾತನಾಡಿದ್ದರೆ ಕಾರ್ಮಿಕನ ಕೋಪ ಒಂದು ವಾರ ಮುಂದಕ್ಕೆ ಹೋಗುತ್ತಿತ್ತೇನೋ. ಮನೆಬಾಡಿಗೆಯ ದಿನ ಮುಂದಕ್ಕೆ ಹೋಗುತ್ತಿರಲಿಲ್ಲ.

ಇದಕ್ಕೆ ಪ್ರತಿಯಾಗಿ ನೂರು ವರ್ಷಗಳ ಹಿಂದಿನ ಅಹಮದಾಬಾದನ್ನು ನೋಡೋಣ. 1918ರಲ್ಲಿ ಪ್ಲೇಗಿನ ಕಾಲದ ಬೋನಸ್ಸನ್ನು ಗಿರಣಿಮಾಲೀಕರು ನಿಲ್ಲಿಸಿದಾಗ ನೇಕಾರರು ಕೂಲಿಯನ್ನು ಏರಿಸಬೇಕೆಂದರು. ಗಾಂಧೀಜಿ ವಿಚಾರಿಸಿ ನೋಡಿ ಶೇಕಡ 35 ನ್ಯಾಯವೆಂದರು. ಮಾಲೀಕರು 20ರ ಮೇಲೆ ಹೋಗಲೊಲ್ಲೆವೆಂದರು. ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ; ಕಾರ್ಮಿಕರ ಪಕ್ಷದಲ್ಲಿ ನಿಂತವರು ಅವರ ಒಡಹುಟ್ಟಿದ ಅಕ್ಕ ಅನಸೂಯಾ. ಒಂದೇ ಮನೆಯ ಇಬ್ಬರು, ಇಬ್ಬರೂ ಗಾಂಧೀಜಿಗೆ ಆಪ್ತರು, ಇಬ್ಬರೂ ಸಜ್ಜನರು. ಸ್ನೇಹದಿಂದ, ಸೌಜನ್ಯದಿಂದ, ಪರಸ್ಪರ ಗೌರವದಿಂದ ಜಗಳವು ತೀರುವುದಾಗಿದ್ದರೆ ಇದಕ್ಕಿಂತ ಒಳ್ಳೆಯ ಅವಕಾಶ ಲೋಕದಲ್ಲಿ ಇನ್ನೆಲ್ಲಿ ಸಿಕ್ಕೀತು? ಆದರೂ ಗಿರಣಿಗಳು ಮುಚ್ಚಿದವು, ಗಾಂಧೀಜಿ ಉಪವಾಸ ಕುಳಿತರು. ತಮ್ಮ ಉಪವಾಸವು ಸ್ನೇಹಿತರಾದ ಮಾಲೀಕರ ಮೇಲೆ ಒತ್ತಾಯವಾಗಿ ಪರಿಣಮಿಸಿತೆಂಬ ಕಸಿವಿಸಿಯನ್ನು ಅವರೇ ಮುಂದೆ ಹೇಳಿಕೊಂಡರು. ಕಡೆಗೆ ಒದಗಿಬಂದದ್ದು ಒಂದು ಏರ್ಪಾಟು: ಮೊದಲ ದಿನ 35, ಎರಡನೆಯ ದಿನ 20, ಆ ಬಳಿಕ ಮಧ್ಯಸ್ಥರ ತೀರ್ಪು ಬರುವ ತನಕ 27½, ಮಧ್ಯಸ್ಥರು ಇಬ್ಬರಿಗೂ ಒಪ್ಪಿಗೆಯಾದ ಆನಂದಶಂಕರ ಧ್ರುವ. ಅವರ ತೀರ್ಪು 35 ಎಂದು ಬಂತು. ಪ್ರತಿ ದಿನವೂ ಎರಡೂ ಪಕ್ಷಗಳ ಮಾನ ಉಳಿಯುವಂತೆ ಲೆಕ್ಕಹಾಕಿದ ಆ ಅಂಕೆಗಳಲ್ಲಿ ಎಷ್ಟು ವಿವೇಕವಿದೆಯೆಂಬುದನ್ನು ನೋಡಬೇಕು. 1920ರಲ್ಲಿ ಮಜೂರ್ ಮಹಾಜನ ಸಂಘ ಹುಟ್ಟಿತು. ಮುಂದಿನ ವಿವಾದಗಳನ್ನು ಮಧ್ಯಸ್ಥರ ಮುಂದಿಡುವ ಪದ್ಧತಿ ಆ ಊರಿನಲ್ಲಿ ಬೇರೂರಿತು. ಅಣ್ಣತಮ್ಮ, ಅಕ್ಕತಂಗಿಯರ ಒಳ್ಳೆಯತನವು ಮಾಡಲಾರದ್ದನ್ನು ಮೂರನೆಯವನ ತೀರ್ಪಿಗೆ ತಲೆಬಾಗುವ ಒಪ್ಪಂದ ಮಾಡಿತು.

ಒಪ್ಪಂದವೆಂಬ ಹೆಸರು ಸಾಲದು, ಅದು ಇರಬೇಕಾದ ಕಡೆ ಇರಬೇಕು ಎಂಬುದನ್ನು ಇನ್ನೊಂದು ಕುಟುಂಬದ ಕಥೆ ತಿಳಿಸುತ್ತದೆ. ಧೀರುಭಾಯಿ ಅಂಬಾನಿ 2002ರಲ್ಲಿ ಉಯಿಲು ಬರೆಯದೆ ತೀರಿಕೊಂಡರು. ಇಬ್ಬರು ಮಕ್ಕಳ ಮನಸ್ತಾಪವನ್ನು ತಾಯಿಯೇ, ಬ್ಯಾಂಕರ್ ಕೆ. ವಿ. ಕಾಮತರ ನೆರವಿನಿಂದ, 2005ರಲ್ಲಿ ಬಗೆಹರಿಸಿದರು. ಮಾತೆಯ ಮಧ್ಯಸ್ಥಿಕೆ, ತಜ್ಞರ ಸಲಹೆ, ಸಹಯೋಗದ ಎಲ್ಲ ಲಕ್ಷಣಗಳೂ ಅಲ್ಲಿದ್ದವು. ಆದರೆ ಕೃಷ್ಣಾ–ಗೋದಾವರಿ ಜಲಾನಯನದ ಅನಿಲವನ್ನು ಒಬ್ಬನ ಕಂಪನಿಯು ಇನ್ನೊಬ್ಬನ ಕಂಪನಿಗೆ ಯಾವ ಬೆಲೆಗೆ ಕೊಡಬೇಕೆಂಬ ವಿವಾದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ, 2010ರ ಮೇ 7ರ ತೀರ್ಪಿನಲ್ಲಿ ಬಹುಮತದ ನ್ಯಾಯಾಧೀಶರು, ಕುಟುಂಬದವರು ತಮ್ಮತಮ್ಮೊಳಗೆ ಮಾಡಿಕೊಂಡ ಒಡಂಬಡಿಕೆಯು ಲಕ್ಷಾಂತರ ಷೇರುದಾರರಿರುವ ಕಂಪನಿಯನ್ನು ಕಟ್ಟಿಹಾಕಲಾರದೆಂದರು. ಮನೆಯೊಳಗಿನ ಸೌಹಾರ್ದ ಕಂಪನಿಯ ದಾಖಲೆಯಾಗಿರಲಿಲ್ಲ.

ಇಲ್ಲಿ ಪ್ರತಿವಾದಿಯು ಕೊನೆಯ ಅಸ್ತ್ರವನ್ನು ತೆಗೆಯುತ್ತಾನೆ. ಕರಾರುಪತ್ರ, ನಿಯಮ, ಮಧ್ಯಸ್ಥ ಎಲ್ಲ ಇದ್ದೂ ಒಡೆದುಹೋದ ಸಂಸ್ಥೆಗಳಿಲ್ಲವೆ? ಯಾವ ಕಾಗದವೂ ಇಲ್ಲದೆ, ಒಬ್ಬನ ವ್ಯಕ್ತಿತ್ವದ ಬಲದಿಂದಲೇ ಉಳಿದುಕೊಂಡವುಗಳಿಲ್ಲವೆ? ಇದಕ್ಕೆ ಅವನು ಇನ್ಫೋಸಿಸ್ ಸಂಸ್ಥೆಯ ಪ್ರಸಂಗವನ್ನು ಉದಾಹರಿಸಬಹುದು. 1981ರಲ್ಲಿ ಏಳು ಜನ ಕೂಡಿ ಕಟ್ಟಿದ ಆ ಸಂಸ್ಥೆಯನ್ನು 1990ರಲ್ಲಿ ಹತ್ತು ಲಕ್ಷ ಡಾಲರುಗಳಿಗೆ ಮಾರಿಬಿಡುವ ಪ್ರಶ್ನೆ ಎದ್ದಾಗ, ನಾರಾಯಣ ಮೂರ್ತಿಯವರು ಕಿರಿಯ ಸಹೋದ್ಯೋಗಿಗಳ ಮಾತನ್ನೆಲ್ಲ ಗಂಟೆಗಟ್ಟಲೆ ಕೇಳಿ, ಕೊನೆಗೆ, ಮಾರಬೇಕೆನ್ನುವವರ ಪಾಲನ್ನು ತಾವೇ ಕೊಳ್ಳುವುದಾಗಿ ಹೇಳಿದರೆಂದೂ, ಆಮೇಲಿನ ಚರ್ಚೆಯಲ್ಲಿ ಎಲ್ಲರೂ ಉಳಿಯಲು ಒಪ್ಪಿದರೆಂದೂ ಅವರೇ ಹೇಳಿದ್ದಾರೆ. ಇದು ಯಾವ ಶೈಲಿ? ಮೊದಲು ಇತರರಿಗೆ ಮಾತನಾಡಲು ಬಿಟ್ಟುದು ಮಣಿಯುವಿಕೆಯೆಂದೂ, ತನ್ನ ಸರದಿ ಬರುವ ತನಕ ಸುಮ್ಮನಿದ್ದುದು ನುಣುಚಿಕೊಳ್ಳುವಿಕೆಯೆಂದೂ, ಕೊಳ್ಳುತ್ತೇನೆಂದುದು ಸ್ಪರ್ಧೆಯೆಂದೂ, ಎಲ್ಲರೂ ಉಳಿದದ್ದು ಸಹಯೋಗವೆಂದೂ ಹೇಳಬಹುದು. ಒಂದೇ ಘಟನೆಯನ್ನು ಇಷ್ಟು ಮನೆಗಳಲ್ಲಿ ತುಂಬಲು ಅವಕಾಶವಿರುವ ಚೌಕಳಿಯು ಏನನ್ನೂ ವಿವರಿಸಲಿಲ್ಲವೆಂದೇ ಅರ್ಥ. ಅಲ್ಲಿ ನಿಜವಾಗಿ ನಡೆದದ್ದೇನು? ಹೋಗಬೇಕೆನ್ನುವವನಿಗೆ ಒಂದು ದಾರಿ ತೆರೆಯಿತು. ಉಳಿಯಬೇಕೆನ್ನುವವನು ತನ್ನ ನಂಬಿಕೆಯ ಹೊಣೆಯನ್ನು ತಾನೇ ಹೊರಲು ಮುಂದೆ ಬಂದನು. ಮೂರ್ತಿಯವರಂತಹ ಒಬ್ಬರು ಪ್ರತಿ ಷೆಡ್ಡಿನಲ್ಲಿಯೂ ಇರುವುದಿಲ್ಲ. ಇಲ್ಲದ ಕಡೆಯೂ ಆ ದಾರಿ ತೆರೆದಿರಬೇಕೆಂದೇ ಪಾಲಿನ ಬೆಲೆಯನ್ನು ಗೊತ್ತುಮಾಡುವ ವಿಧಾನವನ್ನು ಮೊದಲೇ ಬರೆದಿಡಬೇಕು.

ಕಾಗದವಿದ್ದೂ ಒಡೆದ ಸಂಸ್ಥೆಗಳ ಮಾತು ನಿಜ. ನಿಯಮವು ಸಜ್ಜನಿಕೆಯನ್ನು ಹುಟ್ಟಿಸುತ್ತದೆಂದು ನಾನು ಹೇಳುವುದಿಲ್ಲ. ಒಡೆಯತಕ್ಕ ಸಂಸ್ಥೆ ಒಡೆಯುವಾಗ ದುರ್ಬಲನು ಬರಿಗೈಯಲ್ಲಿ ಹೊರಬೀಳದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ. ಕೋಪವನ್ನು ಹಿಡಿತದಲ್ಲಿಟ್ಟುಕೊಳ್ಳುವುದು, ಎದುರಿನವನ ಮಾತನ್ನು ಪೂರ್ತಿ ಕೇಳುವುದು ಇವು ಸದ್ಗುಣಗಳೇ. ಅವನ್ನು ಮನೆಯಲ್ಲಿ, ಬೀದಿಯಲ್ಲಿ, ದೇವಸ್ಥಾನದಲ್ಲಿ ಎಲ್ಲೆಡೆಯೂ ಅಭ್ಯಾಸಮಾಡಬೇಕು. ಆದರೆ ಶೈಲಿಯ ಶಾಸ್ತ್ರವು ಇಷ್ಟೊಂದು ಜನಪ್ರಿಯವಾದದ್ದು ಈ ಸದ್ಗುಣಗಳ ಮೇಲಣ ಪ್ರೀತಿಯಿಂದಲ್ಲವೆಂದು ನನ್ನ ಬಲವಾದ ಶಂಕೆ. ತರಬೇತಿ ಕೊಡುವವನು ಲೆಕ್ಕಪುಸ್ತಕವನ್ನು ತೆರೆದು ನೋಡಬೇಕಾಗಿಲ್ಲ; ಶುಲ್ಕ ಕೊಟ್ಟು ಕರೆಸಿದ ಉದ್ಯಮಿಗೆ, ನೀನು ಇವನ ಹಣವನ್ನು ಹಿಡಿದಿಟ್ಟಿದ್ದೀ ಎಂದು ಹೇಳಬೇಕಾಗಿಲ್ಲ; ಸಾಲ ಪಡೆದವನೂ ಸಾಲ ಕೊಟ್ಟವನೂ, ಕೂಲಿ ಉಳಿಸಿಕೊಂಡವನೂ ಕೂಲಿ ಕಳೆದುಕೊಂಡವನೂ ಒಂದೇ ಮೇಜಿನ ಸುತ್ತ ಕುಳಿತು, ತಪ್ಪು ಯಾರದೂ ಅಲ್ಲ, ನಮ್ಮ ಶೈಲಿಗಳು ಬೇರೆಬೇರೆ ಅಷ್ಟೆ ಎಂದು ಸಮಾಧಾನಪಟ್ಟುಕೊಂಡು ಏಳಬಹುದು. ಸಮಾಧಾನವು ಇಬ್ಬರಿಗೂ ಸಮವಾಗಿ ಹಂಚಲ್ಪಡುತ್ತದೆ. ಹಣವು ಮಾತ್ರ ಇದ್ದವನ ಕೈಯಲ್ಲಿಯೇ ಇರುತ್ತದೆ.

ಆದುದರಿಂದ ಉದ್ಯಮವನ್ನು ತೊಡಗುವವನು ತನ್ನ ಶೈಲಿಯನ್ನು ಅರಿಯುವ ಮೊದಲು ಮಾಡಬೇಕಾದ ಕೆಲಸಗಳಿವೆ. ಯಾರು ಎಷ್ಟು ಹಾಕಿದರು, ಯಾರು ಎಷ್ಟು ದುಡಿಯತಕ್ಕದ್ದು, ದುಡಿಮೆಗೆ ಸಂಬಳವೆಷ್ಟು, ನಡುವೆ ಬಿಟ್ಟುಹೋಗುವವನಿಗೆ ಯಾವ ಲೆಕ್ಕದಲ್ಲಿ ಎಷ್ಟು ಎಂಬುದನ್ನು ಲಾಭ ಕಾಣುವುದಕ್ಕೆ ಮೊದಲು, ಸ್ನೇಹವಿರುವಾಗಲೇ, ಬರೆದು ಸಹಿಹಾಕಬೇಕು. ಲೆಕ್ಕಪುಸ್ತಕವು ಪ್ರತಿಯೊಬ್ಬ ಪಾಲುದಾರನ ಕೈಗೂ ಕೇಳದೆ ಸಿಗುವಂತಿರಬೇಕು. ಹಾಜರಿಯ ದಾಖಲೆಯನ್ನು ಕಾರ್ಮಿಕನೂ ನೋಡಿ ತಾಳೆಹಾಕುವಂತಿರಬೇಕು. ಸಂಬಳದಲ್ಲಿ ತಪ್ಪಾದರೆ ಯಾರ ಬಳಿಗೆ ಹೋಗಬೇಕು, ಎಷ್ಟು ದಿನಗಳಲ್ಲಿ ಸರಿಯಾಗಬೇಕು ಎಂಬುದು ಗೋಡೆಯ ಮೇಲೆ ಕನ್ನಡದಲ್ಲಿ ಬರೆದಿರಬೇಕು. ಒಬ್ಬನೇ ಗಿರಾಕಿಯ ಮೇಲೆ ಉದ್ಯಮವನ್ನು ನಿಲ್ಲಿಸದಿರುವುದು ಹಣಕಾಸಿನ ಜಾಣತನವಾಗಿರುವಂತೆಯೇ ಸ್ವಾಭಿಮಾನದ ರಕ್ಷಣೆಯೂ ಹೌದು. ಎಲ್ಲಕ್ಕಿಂತ ಮಿಗಿಲಾಗಿ, ತಾನೂ ತನ್ನ ಎದುರಿನವನೂ ಇಬ್ಬರೂ ಒಪ್ಪುವ ಮಧ್ಯಸ್ಥನೊಬ್ಬನನ್ನು ಜಗಳ ಹುಟ್ಟುವ ಮೊದಲೇ ಗೊತ್ತುಮಾಡಿ, ಆತನ ತೀರ್ಪು ತನಗೆ ವಿರುದ್ಧವಾಗಿ ಬಂದರೂ ಪಾಲಿಸುವೆನೆಂದು ಬರೆದುಕೊಡಬೇಕು. ತನ್ನ ಕಾರ್ಖಾನೆಯೊಳಗೆ ಉದ್ಯಮಿಯೇ ನಿಯಮಕರ್ತೃ, ಅವನೇ ಬಲಿಷ್ಠ. ಇಂಥವನ ಸೌಮ್ಯತೆಯನ್ನು ನಂಬಿ ಬದುಕಬೇಕಾದ ಸ್ಥಿತಿಗೆ ನೌಕರನನ್ನೂ ಪಾಲುದಾರನನ್ನೂ ತಳ್ಳುವುದು, ಆ ಸೌಮ್ಯತೆ ಎಷ್ಟೇ ನಿಜವಾದುದಾಗಿರಲಿ, ಅನ್ಯಾಯವೇ. ತನ್ನ ವಿರುದ್ಧ ತೀರ್ಪು ಕೊಡುವ ಅಧಿಕಾರವನ್ನು ತನ್ನ ಕೈಯಿಂದ ಹೊರಗಿಟ್ಟ ಉದ್ಯಮಿಯು ಮುಂಗೋಪಿಯಾಗಿದ್ದರೂ ಅವನ ಜೊತೆ ಕೆಲಸಮಾಡಬಹುದು. ಇಡದವನು ಐದು ಶೈಲಿಗಳಲ್ಲಿಯೂ ಪಾರಂಗತನಾಗಿದ್ದರೂ ಅವನೊಡನೆ ಪಾಲಿಗೆ ನಿಲ್ಲುವುದು ವಿವೇಕವಲ್ಲ.